‘ಕೈಯಿಂದ ಮಾಡಿದ್ದು’ ಅಂತ ಶೇವಿಂಗ್ ಬ್ರಶ್ ಕೊಳ್ಳುವವರೇ, ದುಡ್ಡು ಕೊಡುವ ಮೊದಲು ಇದನ್ನು ಓದಿ

ಲೇತ್‌ನಲ್ಲಿ, ಅಂದರೆ ವಸ್ತುವನ್ನು ತಿರುಗಿಸುತ್ತಾ ಕಡೆಯುವ ಯಂತ್ರದಲ್ಲಿ, ಮಾಡಿದ ರೆಸಿನ್ ಹಿಡಿಕೆ. ಬ್ಯಾಡ್ಜರ್ ಅನ್ನುವ ಬಿಲ ತೋಡುವ ಕಾಡುಪ್ರಾಣಿಯ ‘ಸಿಲ್ವರ್‌ಟಿಪ್’ ದರ್ಜೆಯ ಕೂದಲು. ನಾಟ್, ಅಂದರೆ ಕೂದಲಿನ ಕಟ್ಟು, 26 ಮಿ.ಮೀ. ವ್ಯಾಸ; ಲಾಫ್ಟ್, ಅಂದರೆ ಹಿಡಿಕೆಯಿಂದ ಮೇಲಿನ ಕೂದಲಿನ ಎತ್ತರ, 50 ಮಿ.ಮೀ. ‘ಒಂದೊಂದೂ ಕೈಯಿಂದಲೇ ಮಾಡಿದ್ದು.’ ಹೀಗೆಲ್ಲ ಬರೆದು ಮಾರಿದ ಬ್ರಶ್‌ನಲ್ಲಿ ಈ ಮಾತುಗಳ ಪೈಕಿ ಒಂದೂ ನಿಜವಿಲ್ಲ. ಒಂದೇ ಒಂದೂ ಇಲ್ಲ. ಕಾರ್ಖಾನೆ ಬ್ರಶ್‌ಗೆ ಕೊಡುವ ದುಡ್ಡಿನ ಹಲವು ಪಟ್ಟು ಇಸಿದುಕೊಂಡು, ಕಾರ್ಖಾನೆಯವರೂ ನಾಚಿಕೊಳ್ಳುವಂಥ ಮಾಲನ್ನು ಚಂದದ ಡಬ್ಬಿಯಲ್ಲಿಟ್ಟು ಕಳಿಸಿದ್ದಾರೆ. ಯಾವ ಬ್ರಶ್ ಕೊಳ್ಳಬೇಕು ಅಂತ ನಾಲ್ಕು ಜನಕ್ಕೆ ಹೇಳಿಕೊಡುವ ನಮ್ಮಂಥವರ ಕಿವಿಗೇ ಹೂವಿಟ್ಟಿದ್ದಾರೆ ಅನ್ನುವುದು ಇನ್ನೂ ಉರಿಯುವ ವಿಷಯ.

ಈ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಬ್ರಶ್ ಬಳಸುವವರಿಗೆ ಗೊತ್ತೇ ಇದೆ. ‘ಹ್ಯಾಂಡ್‌ಮೇಡ್’ ಬ್ರಶ್‌ಗಳಲ್ಲಿ ಹೆಚ್ಚಿನವುಗಳ ಹಿಡಿಕೆ ಮಾತ್ರ ಕೈಕೆಲಸ. ನಾಟ್ ಸಗಟಿನಲ್ಲಿ ಕೊಂಡದ್ದು. ಬ್ಯಾಡ್ಜರ್ ಆದರೆ ಬಹುಮಟ್ಟಿಗೆ ಚೀನಾದ ಕೂದಲು. ಇದರಲ್ಲಿ ತಪ್ಪೇನೂ ಇಲ್ಲ. ಒಳ್ಳೆಯ ಕಾರ್ಖಾನೆ ನಾಟ್ ತಂದು, ಹಿಡಿಕೆಗೆ ಸರಿಯಾದ ಆಳದ ಕುಳಿ ಕೊರೆದು, ಎಪಾಕ್ಸಿ ಅಂಟು ಹಾಕಿ ಕೂರಿಸಿ, ‘ನಾಟ್ ಇಂಥವರದು’ ಅಂತ ಹೇಳಿ ಮಾರುವ ಪ್ರಾಮಾಣಿಕರು ಬೇಕಾದಷ್ಟಿದ್ದಾರೆ. ನಾಟನ್ನೂ ಕೈಯಲ್ಲೇ ಕಟ್ಟುವವರು ಬೆರಳೆಣಿಕೆ. 1919ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಸಿಂಪ್ಸನ್‌ನಂಥವರು. ಅವರು ಕೂದಲನ್ನು ತೂಗಿ, ತುದಿ ಕೆಳಗಾಗಿ ಬಟ್ಟಲಿನಾಕಾರದ ಅಚ್ಚಿಗೆ ಇಳಿಸಿ, ತಟ್ಟಿ ತಟ್ಟಿ ಕೂರಿಸಿ, ಬುಡಕ್ಕೆ ದಾರ ಬಿಗಿದು, ಬುಡವನ್ನೇ ಕತ್ತರಿಸಿ ಅಂಟು ಹಾಕುತ್ತಾರೆ. ತುದಿಗೆ ಕತ್ತರಿ ಮುಟ್ಟಿಸುವುದಿಲ್ಲ. ಗುಮ್ಮಟದ ಆಕಾರ ಬರುವುದು ಅಚ್ಚಿನಿಂದ. ಸೋಮಾರಿ ಕೆಲಸದಲ್ಲಿ ಕೂದಲನ್ನು ಸಪಾಟಾಗಿ ಕಟ್ಟಿ ಮೇಲೆ ಕತ್ತರಿಯಲ್ಲಿ ದುಂಡಗೆ ಮಾಡುತ್ತಾರೆ. ತುದಿ ಮೊಂಡಾಗುತ್ತದೆ, ಕೆನ್ನೆಗೆ ಚುಚ್ಚುತ್ತದೆ, ಎಷ್ಟು ದಿನ ಬಳಸಿದರೂ ಚುಚ್ಚುವುದು ಹೋಗುವುದಿಲ್ಲ.

ಈ ಬ್ರಶ್ ಡಬ್ಬಿಯಲ್ಲಿ ನೋಡಲು ಚೆನ್ನಾಗಿಯೇ ಇತ್ತು. ಬಿಳಿ ತುದಿ, ನಡುವೆ ಕಪ್ಪು ಪಟ್ಟೆ, ಕೆಳಗೆ ಮತ್ತೆ ಬಿಳಿ. ಫೋಟೋದಲ್ಲಿ ಯಾರಾದರೂ ನಂಬುತ್ತಾರೆ. ಮೊದಲು ಎಡವಿದ್ದು ಅಳತೆ. ಹಿಡಿಕೆಯ ಅಂಚಿನಿಂದ ನಾಟ್‌ನ ನಡುತುದಿಯವರೆಗೆ ಕ್ಯಾಲಿಪರ್ ಹಿಡಿದರೆ 58 ಮಿ.ಮೀ. ನಾಟ್ ಹೊರಗೆ ಬರುವ ಜಾಗದ ವ್ಯಾಸ 24. ಇವೆರಡರ ಲೆಕ್ಕ ಗೊತ್ತಿದ್ದವರಿಗೆ ಬೇರೆ ಹೇಳಬೇಕಿಲ್ಲ. ಲಾಫ್ಟ್ ಸಾಮಾನ್ಯವಾಗಿ ವ್ಯಾಸದ ಎರಡರಷ್ಟು ಆಸುಪಾಸಿನಲ್ಲಿದ್ದರೆ ಕೂದಲಿಗೆ ಬೆನ್ನೆಲುಬು, ಅಂದರೆ ಬಗ್ಗದೆ ನಿಲ್ಲುವ ಬಿಗಿ, ಇರುತ್ತದೆ. 24ಕ್ಕೆ 58 ಇಟ್ಟರೆ ಒದ್ದೆಯಾದ ಕೂಡಲೇ ನಾಟ್ ಸೋತು ಮಲಗುತ್ತದೆ, ಗಟ್ಟಿ ಸೋಪಿನ ಮೇಲೆ ತಿರುಗಿಸಿದರೆ ಬಗ್ಗುತ್ತದೆಯೇ ಹೊರತು ಸೋಪು ಎತ್ತುವುದಿಲ್ಲ, ನೊರೆ ಹೊರಅಂಚಿಗೆ ಚಲ್ಲಾಡುತ್ತದೆ. ಜೊತೆಗೆ ನಾಟ್‌ನ ಬುಡದ ಅಂಟಿನ ಬಿಲ್ಲೆ ಹಿಡಿಕೆಯ ಅಂಚಿಗಿಂತ ಮೇಲೇ ಕಾಣುತ್ತಿದೆ. ಅಂದರೆ ಕುಳಿ ಆಳ ಸಾಲದು. ಕೊರೆಯುವ ಕಷ್ಟ ಯಾರು ಪಡಬೇಕು ಅಂತ ಸುಮ್ಮನೆ ಇಳಿಸಿ ಅಂಟಿಸಿದ್ದಾರೆ.

ಇದಕ್ಕೆ ಮಾರಿದವರಿಂದ ಬಂದ ಉತ್ತರ: ‘ಕೈಯಿಂದ ಮಾಡಿದ್ದು ಸರ್, ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಇದ್ದೇ ಇರುತ್ತದೆ.’

ಎಂಟು ಮಿಲಿಮೀಟರ್, ಸ್ವಾಮಿ. ಒಂದೆರಡಲ್ಲ, ಎಂಟು. ಅಲ್ಲದೆ ಅಳೆದು ಕೂರಿಸುವುದೇ ಕೈಕೆಲಸದವನ ಕೆಲಸ. ಕಾರ್ಖಾನೆಯಲ್ಲಿ ಒಂದೇ ಅಳತೆಗೆ ಸಾವಿರ ಬರುತ್ತವೆ, ನಿಮಗೆ ಬೇಕಾದ ಅಳತೆಗೆ ಒಂದು ಬರುವುದು ಕೈಯಲ್ಲಿ. ಅದಕ್ಕೇ ತಾನೇ ಜನ ಹೆಚ್ಚು ದುಡ್ಡು ಕೊಡುವುದು?

ಆದರೂ ಲಾಫ್ಟ್ ಒಂದೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಮೋಸ ಅಂತ ಖಾತ್ರಿಯಾದದ್ದು ನೀರು ತಾಗಿದ ಮೇಲೆ.

ಬ್ಯಾಡ್ಜರ್ ನಾಟನ್ನು ಮೊದಲ ಸಲ ಬಳಸುವಾಗ ಪ್ರಾಣಿಯ ವಾಸನೆ ಇರುತ್ತದೆ, ಆದ್ದರಿಂದ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಹನಿ ಶಾಂಪೂ ಹಾಕಿ ತೊಳೆಯುವುದು ವಾಡಿಕೆ. ತೊಳೆದಾಗ ನೊರೆ ಬೂದು ಬಣ್ಣಕ್ಕೆ ತಿರುಗಿತು. ಕೊಳೆ ಇರಬಹುದು. ಎರಡನೇ ಸಲದ ನೊರೆ ಕಂದು. ಬಿಳಿ ಟವೆಲ್ ಮೇಲೆ ಒತ್ತಿದರೆ ಕಪ್ಪು ಪಟ್ಟೆ ಎಲ್ಲಿದೆಯೋ ಅದೇ ಎತ್ತರಕ್ಕೆ ಕಂದು ಗೆರೆ ಮೂಡಿತು. ಆಮೇಲೆ ಬೆಳಕಿಗೆ ಹಿಡಿದು ಕೂದಲನ್ನು ಬಿಡಿಸಿ ನೋಡಿದರೆ, ಹೊರಗಿನ ಸುತ್ತಿನಲ್ಲಿ ಪಟ್ಟೆ ಗಾಢ, ಒಳಗೆ ನಡುವಿನಲ್ಲಿ ಬಣ್ಣವೇ ಸರಿಯಾಗಿ ಇಳಿದಿಲ್ಲ. ನಾಟ್ ಕಟ್ಟಿದ ಮೇಲೆ ಬಣ್ಣ ಬಳಿದಿದ್ದಾರೆ! ಕಟ್ಟುವ ಮೊದಲು ಬಳಿಯುವಷ್ಟೂ ತಾಳ್ಮೆ ಇಲ್ಲ.

ಇದಕ್ಕೆ ಅವರು ಏನಂದರು ಗೊತ್ತೇ? ‘ಅದು ಕೂದಲಿನ ನೈಸರ್ಗಿಕ ಬಣ್ಣ. ಮೊದಮೊದಲು ಸ್ವಲ್ಪ ಬಿಡುತ್ತದೆ. ಬಿಟ್ಟರೇ ಅಸಲಿ ಅಂತ ಅರ್ಥ.’

ಈ ಮಾತನ್ನು ಇನ್ನೊಮ್ಮೆ ಓದಿ. ಬಿಟ್ಟರೇ ಅಸಲಿ ಅಂತೆ. ಬ್ಯಾಡ್ಜರ್ ಕೂದಲಿನ ಕಪ್ಪು ಅಂದರೆ ಕೂದಲಿನ ಒಳಗೇ ಇರುವ ಮೆಲನಿನ್, ನಮ್ಮ ತಲೆಕೂದಲಲ್ಲಿ ಇರುವುದೇ. ನಿಮ್ಮ ತಲೆಗೆ ಶಾಂಪೂ ಹಾಕಿದರೆ ಕಪ್ಪು ಇಳಿದು ಹೋಗುತ್ತದೆಯೇ? ಸೋಪಿಗೆ ಬಿಡುವುದು ಮೇಲೆ ಬಳಿದ ಬಣ್ಣ, ಬೇರೇನೂ ಅಲ್ಲ.

ಹಾಗಾದರೆ ಬಣ್ಣದ ಕೆಳಗಿರುವುದು ಏನು? ಹಂದಿ ಕೂದಲು. ಉದುರಿದ ಒಂದು ಕೂದಲನ್ನು ಬೆರಳ ನಡುವೆ ಹೊರಳಿಸಿ ನೋಡಿದರೆ ಸಾಕು. ಹಂದಿ ಕೂದಲು ಬುಡದಲ್ಲಿ ದಪ್ಪ, ತುದಿಯ ಕಡೆಗೆ ಸಪೂರ, ತುದಿಯಲ್ಲಿ ಎರಡು ಮೂರು ಸೀಳು. ಬ್ಯಾಡ್ಜರ್ ಕೂದಲು ಕಪ್ಪು ಪಟ್ಟೆಯ ಜಾಗದಲ್ಲಿ ದಪ್ಪಗಿದ್ದು ಬುಡದ ಕಡೆಗೂ ತುದಿಯ ಕಡೆಗೂ ಸಪೂರವಾಗುತ್ತದೆ, ತುದಿ ಸೀಳಿರುವುದಿಲ್ಲ. ಅಸಲಿ ಪಟ್ಟೆಯ ಅಂಚು ಕೂದಲಿಂದ ಕೂದಲಿಗೆ ಸ್ವಲ್ಪ ಏರುಪೇರು, ಬಳಿದ ಪಟ್ಟೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಪ್ರಾಣಿಯ ಕೂದಲೋ ಸಿಂಥೆಟಿಕ್ಕೋ ಅನ್ನುವ ಅನುಮಾನ ಇದ್ದರೆ ಒಂದೆಳೆಯನ್ನು ಬೆಂಕಿಗೆ ಹಿಡಿಯಿರಿ. ಕೂದಲಾದರೆ ಸುಟ್ಟ ವಾಸನೆ, ಬೂದಿ. ಪ್ಲಾಸ್ಟಿಕ್ಕಾದರೆ ಕರಗಿ ಗುಂಡಾಗುತ್ತದೆ. ಆದರೆ ಹಂದಿಯನ್ನೂ ಬ್ಯಾಡ್ಜರನ್ನೂ ಬೇರೆ ಮಾಡಲು ಬೆಂಕಿ ಪರೀಕ್ಷೆ ಕೆಲಸಕ್ಕೆ ಬಾರದು, ಎರಡೂ ಒಂದೇ ರೀತಿ ಸುಡುತ್ತವೆ. ಮಾರಿದವರು ಹೆಮ್ಮೆಯಿಂದ ‘ಬೇಕಾದರೆ ಸುಟ್ಟು ನೋಡಿ’ ಅಂದದ್ದು ಇದೇ ಧೈರ್ಯದ ಮೇಲೆ.

ಹಂದಿ ಕೂದಲು ಕೆಟ್ಟದ್ದು ಅಂತ ಯಾರೂ ತಿಳಿಯಬೇಡಿ. ಇಟಲಿಯ ಓಮೆಗಾ, ಪೋರ್ಚುಗಲ್‌ನ ಸೆಮೋಗ್ ಕಾರ್ಖಾನೆಗಳ ಹಂದಿ ಕೂದಲಿನ ಬ್ರಶ್‌ಗಳನ್ನು ಜನ ವರ್ಷಗಟ್ಟಲೆ ಬಳಸುತ್ತಾರೆ. ಐದು ಹತ್ತು ನಿಮಿಷ ನೆನೆಸಬೇಕು, ಮೊದಲ ಕೆಲವು ವಾರ ಒರಟು, ಆಮೇಲೆ ತುದಿ ಇನ್ನಷ್ಟು ಸೀಳಿ ಮೆತ್ತಗಾಗುತ್ತದೆ, ಬೆನ್ನೆಲುಬು ಉಳಿಯುತ್ತದೆ. ಗಟ್ಟಿ ಸೋಪಿಗೆ ಅದಕ್ಕಿಂತ ಒಳ್ಳೆಯದು ಕಡಿಮೆ. ಹಂದಿಯನ್ನು ಹಂದಿ ಅಂತಲೇ ಹೇಳಿ, ಹಂದಿಯ ಬೆಲೆಗೆ ಮಾರಿ. ಬ್ಯಾಡ್ಜರ್ ಬೆಲೆಗೆ ಯಾಕೆ?

ವೇಷ ಹಾಕಿದ ಕೂದಲು ಹೊಸದೂ ಅಲ್ಲ, ಬರೀ ದುಡ್ಡಿನ ಪ್ರಶ್ನೆಯೂ ಅಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ಯಾಡ್ಜರ್ ಕೂದಲಿಗೆ ಬರ ಬಂದಾಗ ಕುದುರೆ ಕೂದಲನ್ನು ಬ್ಯಾಡ್ಜರ್‌ನಂತೆ ಕಾಣಿಸಿ ಮಾರಿದರು. ಸೋಂಕು ಸರಿಯಾಗಿ ತೆಗೆಯದ ಆ ಕೂದಲಿನಿಂದ ಬ್ರಿಟನ್, ಅಮೆರಿಕಗಳಲ್ಲಿ ಗಡ್ಡ ಹೆರೆದುಕೊಂಡವರಿಗೆ ಆಂಥ್ರಾಕ್ಸ್ ಬಂತು, ಸತ್ತವರೂ ಇದ್ದರು. ಈ ಸೋಂಕಿನ ಭಯಕ್ಕೆ 1920ರಲ್ಲಿ ಬ್ರಿಟನ್ ಜಪಾನಿನಿಂದ ಬರುವ ಶೇವಿಂಗ್ ಬ್ರಶ್‌ಗಳ ಆಮದನ್ನೇ ನಿಲ್ಲಿಸಿತು. ಇಂದು ಕೂದಲನ್ನು ಸಂಸ್ಕರಿಸಿಯೇ ಮಾರುತ್ತಾರೆ, ಹೆದರಬೇಕಿಲ್ಲ. ಆದರೆ ಯಾವ ಪ್ರಾಣಿಯ ಕೂದಲು ಅಂತಲೇ ಸುಳ್ಳು ಹೇಳುವವರು ಸಂಸ್ಕರಣೆ ಬಗ್ಗೆ ನಿಜ ಹೇಳುತ್ತಾರೆ ಅಂತ ಯಾವ ನಂಬಿಕೆ? ಬ್ಲೇಡ್ ಆಡಿದ ಚರ್ಮಕ್ಕೆ ತಿಕ್ಕುವ ವಸ್ತು ಇದು. ಬಣ್ಣ ಯಾವುದು ಅಂತ ಕೇಳಿದ್ದಕ್ಕೆ ಉತ್ತರವೇ ಇಲ್ಲ.

ಉದುರುವುದು ಇನ್ನೊಂದು ಕಥೆ. ಹೊಸ ನಾಟ್‌ನಿಂದ ಮೊದಲ ಕೆಲವು ಶೇವ್‌ಗಳಲ್ಲಿ ಸಡಿಲ ಕೂದಲು ಒಂದೆರಡು, ಹೆಚ್ಚೆಂದರೆ ಹತ್ತರ ತನಕ ಬಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಇಲ್ಲಿ ಚಿಟಿಕೆ ಚಿಟಿಕೆ ಬಂತು, ಅದೂ ನಟ್ಟನಡುವಿನಿಂದ. ಬುಡದ ಅಂಟು ಕಟ್ಟಿನ ಮಧ್ಯಕ್ಕೆ ಇಳಿಯದಿದ್ದರೆ ಹೀಗೆ ಆಗುತ್ತದೆ: ಹೊರಸುತ್ತು ಗಟ್ಟಿ, ಒಳಗೆ ಪೊಳ್ಳು. ಒದ್ದೆ ನಾಟನ್ನು ಅಂಗೈಗೆ ಒತ್ತಿ ಅರಳಿಸಿದರೆ ನಡುವೆ ತೂತು ಕಾಣುತ್ತದೆ. ‘ಹ್ಯಾಂಡ್‌ಮೇಡ್ ಅಂದಮೇಲೆ ಉದುರುತ್ತದೆ ಸರ್, ತಾನಾಗಿ ನಿಲ್ಲುತ್ತದೆ’ ಅಂದರು. ನಿಲ್ಲುತ್ತದೆ, ಖಂಡಿತ ನಿಲ್ಲುತ್ತದೆ, ಉದುರಲು ಏನೂ ಉಳಿಯದಿದ್ದಾಗ.

ಕೊನೆಗೆ ನಾಟ್ ಪೂರ್ತಿಯಾಗಿ ಅಲುಗಾಡತೊಡಗಿತು. ಎಳೆದರೆ ಕೈಗೇ ಬಂತು, ಹಿಂದೆಯೇ ಬಿಳಿ ದಾರದಂಥ ಎಳೆಗಳು. ಹಾಟ್ ಗ್ಲೂ! ಮಕ್ಕಳ ಶಾಲೆಯ ಪ್ರಾಜೆಕ್ಟಿಗೆ ಥರ್ಮಾಕೋಲ್ ಅಂಟಿಸುವ ಗ್ಲೂ ಗನ್ನಿನದು. ನುಣುಪು ಪ್ಲಾಸ್ಟಿಕ್‌ಗೆ ಅದು ಸರಿಯಾಗಿ ಹಿಡಿಯುವುದೇ ಇಲ್ಲ, ಬಿಸಿನೀರು ತಾಗಿ ತಾಗಿ ಸಂದಿಗೆ ನೀರು ಇಳಿದರೆ ಸಿಪ್ಪೆಯಂತೆ ಎದ್ದು ಬರುತ್ತದೆ. ಇಲ್ಲಿ ಬೇಕಾದದ್ದು ಎರಡು ಭಾಗ ಬೆರೆಸುವ ಎಪಾಕ್ಸಿ. ಕೈ ತಾಳುವಷ್ಟು ಬಿಸಿಗೆ ಅದು ಜಗ್ಗುವುದಿಲ್ಲ.

ಉತ್ತರ: ‘ಬಿಸಿ ನೀರು ಹಾಕಿದ್ದೀರಿ, ನಮ್ಮ ಜವಾಬ್ದಾರಿ ಅಲ್ಲ.’ ಶೇವಿಂಗ್ ಬ್ರಶ್‌ಗೆ ಬಿಸಿ ನೀರು ಹಾಕಿದ್ದು ತಪ್ಪಂತೆ.

ಇನ್ನು ಆ ‘ಲೇತ್‌ನಲ್ಲಿ ಕಡೆದ’ ಹಿಡಿಕೆ. ತಳದ ಸ್ಟಿಕ್ಕರ್ ಕಿತ್ತರೆ ಕೆಳಗೆ ಅಚ್ಚಿನ ಪಿನ್ ಒತ್ತಿದ ದುಂಡು ಗುರುತು, ಪಕ್ಕದಲ್ಲಿ ಅಚ್ಚಿಗೆ ಪ್ಲಾಸ್ಟಿಕ್ ಹೋದ ಬಾಯಿಯ ತುಂಡನ್ನು ಕತ್ತರಿಸಿದ ಕಲೆ. ಬೆರಳುಗುರಿನಿಂದ ಉದ್ದಕ್ಕೆ ಎಳೆದರೆ ಎರಡು ಬದಿಯಲ್ಲೂ ಅಚ್ಚಿನ ಎರಡು ಹೋಳು ಕೂಡಿದ ಜೋಡಣೆ ಗೆರೆ ಸಿಗುತ್ತದೆ, ಮರಳು ಕಾಗದ ಹಾಕಿ ಉಜ್ಜಿದ್ದರೂ ಕತ್ತಿನ ಒಳಬಾಗಿನಲ್ಲಿ ಉಳಿದಿದೆ. ಒಳಗೆ ಟೊಳ್ಳು, ಕೈಗೆ ತೂಕ ಅನಿಸಲಿ ಅಂತ ಒಂದು ಕಬ್ಬಿಣದ ತುಂಡು. ಲೇತ್‌ನಲ್ಲಿ ಕಡೆದ ಹಿಡಿಕೆಗೆ ಉದ್ದುದ್ದ ಗೆರೆ ಬರಲು ಸಾಧ್ಯವೇ ಇಲ್ಲ, ಗುರುತೇನಾದರೂ ಇದ್ದರೆ ಸುತ್ತ ಅಡ್ಡಕ್ಕೆ ಇರಬೇಕು. ಅಂದರೆ ಕಾರ್ಖಾನೆ ನಾಟ್, ಕಾರ್ಖಾನೆ ಹಿಡಿಕೆ, ನಡುವೆ ಕೈಯಿಂದ ಒತ್ತಿದ ಗ್ಲೂ ಗನ್. ಕೈಕೆಲಸ ಅಷ್ಟೇ.

ವಾಪಸ್ ಕೇಳಿದರೆ, ‘ನೆನೆಸಿದ ಮಾಲು ತಗೊಳ್ಳಲ್ಲ, ಶುಚಿತ್ವದ ವಿಷಯ.’ ಒಬ್ಬರ ಮುಖಕ್ಕೆ ತಾಗಿದ್ದನ್ನು ಇನ್ನೊಬ್ಬರಿಗೆ ಮಾರಬಾರದು ನಿಜ. ಆದರೆ ಬಣ್ಣ ಬಿಡುವುದು, ನಡುವಿನ ತೂತು, ಅಂಟು ಬಿಡುವುದು, ಇವೆಲ್ಲ ನೀರು ತಾಗದೆ ಕಾಣುವ ದೋಷಗಳೇ ಅಲ್ಲವಲ್ಲ! ಒಣಗಿದ್ದಾಗ ತಿಳಿಯುವುದಿಲ್ಲ, ಒದ್ದೆಯಾದರೆ ವಾಪಸ್ ಇಲ್ಲ. ಪೂರ್ತಿ ವ್ಯಾಪಾರವೇ ಈ ಒಂದು ಸಾಲಿನ ಮೇಲೆ ನಿಂತಿದೆ. ಫೋಟೋಗಳನ್ನೆಲ್ಲ ಕಳಿಸಿದ ಮೇಲೆ ಕಾಲುಭಾಗ ಹಣ ಕೊಡುತ್ತೇವೆ, ಎಲ್ಲೂ ಬರೆಯಬೇಡಿ ಅಂತ ಬಂತು. ಬೇಡ ಅಂದದ್ದಾಯಿತು.

ಹಾಗಾದರೆ ಯಾವುದನ್ನು ಕೊಳ್ಳುವುದು? ಮೊದಲ ಬ್ರಶ್ ಆದರೆ ಕಣ್ಣುಮುಚ್ಚಿ ಹೆಸರಾಂತ ಕಾರ್ಖಾನೆಯ ಸಿಂಥೆಟಿಕ್ ತೆಗೆದುಕೊಳ್ಳಿ, 24 ಮಿ.ಮೀ. ಆಸುಪಾಸಿನ ನಾಟ್. ನೆನೆಸಬೇಕಿಲ್ಲ, ಬೇಗ ಒಣಗುತ್ತದೆ, ವಾಸನೆ ಇಲ್ಲ, ಒಂದರಂತೆ ಇನ್ನೊಂದು ಇರುತ್ತದೆ. ಹಿಡಿಕೆಗೆ ಜೋಡಣೆ ಗೆರೆ ಇದ್ದರೆ ಇರಲಿ, ಮುಖಕ್ಕೆ ತಾಗುವುದು ಅದಲ್ಲ. ಕೈಕೆಲಸದ ಬ್ರಶ್ಶೇ ಬೇಕು ಅನ್ನುವವರು, ದುಡ್ಡು ಕೊಡುವುದು ಹಿಡಿಕೆಗೆ ಅಂತ ತಿಳಿದೇ ಕೊಡಿ. ನಾಟ್ ಯಾರದು, ವ್ಯಾಸ ಎಷ್ಟು, ಲಾಫ್ಟ್ ಎಷ್ಟು, ಅಂಟು ಯಾವುದು ಅಂತ ಬರವಣಿಗೆಯಲ್ಲಿ ಕೇಳಿ. ಒದ್ದೆ ನಾಟ್ ಅರಳಿಸಿ ಮೇಲಿಂದ ತೆಗೆದ ಫೋಟೋ ಕೇಳಿ. ‘ಸಿಲ್ವರ್‌ಟಿಪ್’, ‘ಬೆಸ್ಟ್’, ‘ಸೂಪರ್’ ಅನ್ನುವ ದರ್ಜೆಗಳಿಗೆ ಎಲ್ಲರೂ ಒಪ್ಪಿದ ಮಾನದಂಡವೇ ಇಲ್ಲ, ಒಬ್ಬೊಬ್ಬ ತಯಾರಕನದು ಒಂದೊಂದು ಲೆಕ್ಕ. ಆ ಪದಕ್ಕೆ ಒಂದು ಕಾಸೂ ಹೆಚ್ಚು ಕೊಡಬೇಡಿ. ನಿಜವಾಗಿ ಮಾಡುವವನಿಗೆ ಈ ಪ್ರಶ್ನೆಗಳೆಂದರೆ ಖುಷಿ, ಕೇಳಿದ್ದಕ್ಕಿಂತ ಹೆಚ್ಚೇ ಹೇಳುತ್ತಾನೆ. ‘ನಂಬಿಕೆ ಇಡಿ ಸರ್’ ಅನ್ನುವವನನ್ನು ಅಲ್ಲೇ ಬಿಡಿ.

ಇಂಥದ್ದು ಈಗಾಗಲೇ ಮನೆಗೆ ಬಂದಿದ್ದರೆ ಬಣ್ಣ ಬಿಡುವ ನಾಟನ್ನು ಮುಖಕ್ಕೆ ಹಾಕಬೇಡಿ. ಆದರೆ ಎಸೆಯಲೂ ಬೇಡಿ. ಟವೆಲ್ ಮೇಲಿನ ಕಲೆ, ಕ್ಯಾಲಿಪರ್ ಹಿಡಿದ ಅಳತೆ, ಗ್ಲೂ ಎಳೆಗಳು, ತಳದ ಗುರುತು ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ, ದುಡ್ಡು ವಾಪಸ್ ಕೇಳುವಾಗ ಬೇಕಾಗುತ್ತದೆ. ಹಿಡಿಕೆ ಟೊಳ್ಳಾದ್ದರಿಂದ ಕುಳಿಯನ್ನು ಅಗಲ ಮಾಡಲು ಹೋಗಬೇಡಿ, ಗೋಡೆ ತೆಳ್ಳಗಾಗಿ ಬಿರಿಯುತ್ತದೆ. ಹಳೆಯ ಅಂಟು ಕೆರೆದು ತೆಗೆದು, ಇರುವ ಕುಳಿಗೆ ಹೊಂದುವ ಸಿಂಥೆಟಿಕ್ ನಾಟ್ ತಂದು, ಅಂಟಿಲ್ಲದೆ ಒಮ್ಮೆ ಇಳಿಸಿ ಲಾಫ್ಟ್ ಅಳೆಯಿರಿ. ತೀರಾ ಒಳಗೆ ಹೋಗುತ್ತಿದ್ದರೆ ತಳಕ್ಕೆ ಒಂದು ವಾಷರ್ ಹಾಕಿ. ಆಮೇಲೆ ಎಪಾಕ್ಸಿ ಹಚ್ಚಿ, ನೆಟ್ಟಗೆ ನಿಲ್ಲಿಸಿ, 24 ಗಂಟೆ ನೀರು ತಾಗಿಸಬೇಡಿ.