ಹೊರಗೋಡೆಯ ಸೋರಿಕೆಗೆ ಹಗ್ಗದಲ್ಲಿ ಇಳಿದು ಮಾಡುವ ರಿಪೇರಿ: ನಮ್ಮ ಮನೆಯ ಅನುಭವ

ಅಪಾರ್ಟ್‌ಮೆಂಟಿನ ಹೊರಗೋಡೆಯಿಂದ ಮಳೆನೀರು ಒಳಗೆ ಬರುತ್ತಿದ್ದರೆ, ಮೊದಲು ನೀರು ಬಿಟ್ಟು ಪರೀಕ್ಷೆ ಮಾಡಿ, ಆಮೇಲೆ ಹಗ್ಗದಲ್ಲಿ ಇಳಿದು ಸರಿ ಮಾಡುವ ತಂಡವನ್ನೇ ಕರೆಸಿ. ಆ ದುಡ್ಡು ದಂಡವಾಗುವುದಿಲ್ಲ. ನಮ್ಮ ಮನೆಗೆ ಬಂದ ತಂಡಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಯಾಕೆ ಕಡಿದೆ ಅಂತ ಮುಂದೆ ಹೇಳುತ್ತೇನೆ.

ನಮ್ಮದು ಮಧ್ಯದ ಮಹಡಿ. ಮೇಲೆ ತಾರಸಿ ಇಲ್ಲ, ಆ ಗೋಡೆಯ ಹತ್ತಿರ ಬಚ್ಚಲಿಲ್ಲ, ಪೈಪೂ ಇಲ್ಲ. ಆದರೂ ಅಮ್ಮನ ಕೋಣೆಯ ಗೋಡೆ ಒದ್ದೆಯಾಗುತ್ತಿತ್ತು, ಅದೂ ಗಾಳಿಮಳೆ ಬಂದಾಗ ಮಾತ್ರ. ನೆಟ್ಟಗೆ ಸುರಿಯುವ ಮಳೆ ಎಷ್ಟು ಜೋರಾಗಿ ಬಂದರೂ ಏನೂ ಆಗುತ್ತಿರಲಿಲ್ಲ. ಇದು ದೊಡ್ಡ ಸುಳಿವು. ಪೈಪ್ ಒಡೆದಿದ್ದರೆ ಬಿಸಿಲಲ್ಲೂ ತೇವ ಇರಬೇಕು ಅಲ್ವಾ? ಗೋಡೆಗೆ ಎರಚುವ ನೀರನ್ನು ಗಾಳಿಯ ಒತ್ತಡ ಬಿರುಕಿನೊಳಗೆ ತಳ್ಳುತ್ತದೆ. ಬಿರುಕು ಕೂದಲೆಳೆಯಷ್ಟು ಸಣ್ಣದಾಗಿದ್ದರೂ ಸಾಕು, ನೀರನ್ನು ತಾನೇ ಒಳಗೆ ಹೀರಿಕೊಳ್ಳುತ್ತದೆ. ಪುಟ್ಟಿ ಉಬ್ಬಿ ಉದುರುತ್ತಿತ್ತು. ಅದರ ಮೇಲೆ ಬಿಳಿ ಉಪ್ಪು, ಮೂಲೆಯಲ್ಲಿ ಕಪ್ಪು ಬೂಷ್ಟು. ಆ ವಾಸನೆಗೆ ಅಮ್ಮನಿಗೆ ರಾತ್ರಿಯೆಲ್ಲ ಕೆಮ್ಮು. ಗೋಡೆ ನೋಡಲು ಹೇಗಾದರೂ ಇರಲಿ, ಆ ಕೆಮ್ಮು ನಿಲ್ಲಬೇಕು ಅನ್ನುವುದೇ ನನಗಿದ್ದ ಅವಸರ.

ಈ ತಂಡಕ್ಕಿಂತ ಮೊದಲು, ಅಪಾರ್ಟ್‌ಮೆಂಟ್ ಸಂಘದವರು ಕಳಿಸಿದ ಒಬ್ಬ ಗುತ್ತಿಗೆದಾರರು ಒಳಗಡೆಯಿಂದಲೇ ವಾಟರ್‌ಪ್ರೂಫ್ ಪೇಂಟ್ ಬಳಿದು ಹೋಗಿದ್ದರು. ಮುಂದಿನ ಗಾಳಿಮಳೆಗೆ ಆ ಪೇಂಟ್ ಅಂಗೈ ಅಗಲದ ಗುಳ್ಳೆಯಾಗಿ ಎದ್ದಿತು. ಸೂಜಿ ಚುಚ್ಚಿದರೆ ನೀರು ಇಳಿಯಿತು. ಇದಕ್ಕೆ ಡಬ್ಬದೊಳಗಿನ ಪೇಂಟನ್ನು ದೂರಿ ಪ್ರಯೋಜನವಿಲ್ಲ. ನೀರು ಹಿಂದಿನಿಂದ ತಳ್ಳುತ್ತಿರುವಾಗ ಮುಂದೆ ಬಳಿದ ಪದರ ಎಷ್ಟು ಹೊತ್ತು ತಡೆದೀತು? ಗೋಡೆಯೊಳಗೆ ಕರಗಿದ ಉಪ್ಪು, ನೀರು ಆರಿದ ಮೇಲೆ ಹರಳಾಗಿ ಬಲಿಯುತ್ತದೆ. ಅದೂ ಬಣ್ಣವನ್ನು ಎಬ್ಬಿಸುತ್ತದೆ. ಯಾರಾದರೂ ಒಳಗಿನಿಂದ ಬಳಿದರೆ ಸಾಕು ಅಂದರೆ ಒಪ್ಪಬೇಡಿ.

ಈ ತಂಡದವರು ಬಂದ ಕೂಡಲೇ ಡಬ್ಬ ತೆಗೆಯಲಿಲ್ಲ. ನನಗೆ ಮೊದಲು ಮೆಚ್ಚಿಗೆಯಾದದ್ದೇ ಅದು. ಅವರಲ್ಲಿ ಹಿರಿಯ ಮೇಸ್ತ್ರಿ ಎರಡು ಮುಳ್ಳಿನ ತೇವದ ಮೀಟರನ್ನು ಗೋಡೆಗೆ ಒತ್ತಿ ನೋಡಿದರು. ಉಪ್ಪು ಕೂತ ಜಾಗದಲ್ಲಿ ಇದು ಇರುವುದಕ್ಕಿಂತ ಜಾಸ್ತಿ ತೇವ ತೋರಿಸುತ್ತದೆ, ಇದೊಂದನ್ನೇ ನಂಬುವಂತಿಲ್ಲ ಅಂತ ಅವರೇ ಹೇಳಿದರು. ಆಮೇಲೆ ಸಡಿಲವಾದ ಪುಟ್ಟಿಯನ್ನೆಲ್ಲ ಕೆರೆದು ತೆಗೆದರು. ಒಳಗಿನ ಗಾರೆ ಬರಿದಾದರೆ ಮಾತ್ರ ಹೊಸ ಒದ್ದೆ ಕಾಣುತ್ತದೆಯಂತೆ. "ಒದ್ದೆ ಕಾಣೋದು ಇಲ್ಲಿ ಮೇಡಂ, ನೀರು ನುಗ್ಗೋದು ಇನ್ನೆಲ್ಲೋ ಇರತ್ತೆ" ಅಂದರು.

ನೀರಿನ ಪರೀಕ್ಷೆ ಶುರು ಮಾಡಿದ್ದು ಕೆಳಗಿನಿಂದ. ಮೇಲಿನಿಂದ ನೀರು ಬಿಟ್ಟರೆ ಅದು ಇಡೀ ಗೋಡೆಯ ಮೇಲೆ ಹರಿದು, ಯಾವ ತೂತಿನಿಂದ ಒಳಗೆ ಬಂತು ಅಂತ ಗೊತ್ತೇ ಆಗುವುದಿಲ್ಲ. ಒಬ್ಬರು ಹೊರಗೆ ಹಗ್ಗದಲ್ಲಿ ಪೈಪ್ ಹಿಡಿದು ನೇತಾಡುತ್ತಿದ್ದರು. ಇನ್ನೊಬ್ಬರು ಒಳಗೆ ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದು ಕಾಯುತ್ತಿದ್ದರು. ಒಂದು ಜಾಗ ಮುಗಿದ ಮೇಲೆಯೇ ಅದರ ಮೇಲಿನ ಜಾಗ. ಕಿಟಕಿ ಜೋಡಣೆಗಳನ್ನು ಹೀಗೆ ನೀರು ಹಾಯಿಸಿ ನೋಡಲು ಎಎಎಂಎ 501.2 ಅಂತ ಅಮೆರಿಕದ ಕಿಟಕಿ ತಯಾರಕರ ಸಂಘದ ಒಂದು ಪದ್ಧತಿಯೇ ಇದೆ. ಸುಮಾರು 30 ಸೆಂ.ಮೀ. ದೂರದಿಂದ, ಒಂದೂವರೆ ಮೀಟರ್ ಉದ್ದದ ಜೋಡಣೆಗೆ 5 ನಿಮಿಷ ನೀರು ಹಾಯಿಸಬೇಕು. ಇವರು ಆ ಅಳತೆಯನ್ನೇ ಇಟ್ಟುಕೊಂಡು, ಗೋಡೆ ಹೀರಲು ಹೊತ್ತು ತೆಗೆದುಕೊಳ್ಳುತ್ತದೆ ಅಂತ ಪ್ರತಿ ಸಲ ಇನ್ನಷ್ಟು ಕಾದರು.

ಕಿಟಕಿಯ ಪಕ್ಕದ ಜೋಡಣೆಗೆ ನೀರು ಬಿಟ್ಟಾಗ ಒಳಗೆ ಏನೂ ಕಾಣಲಿಲ್ಲ. ಕಿಟಕಿಯ ಮೇಲೆ, ಕಾಂಕ್ರೀಟ್ ಬೀಮ್ ಮತ್ತು ಇಟ್ಟಿಗೆ ಗೋಡೆ ಸೇರುವ ಗೆರೆಗೆ ಬಿಟ್ಟಾಗ ಸ್ವಲ್ಪ ಹೊತ್ತಿಗೆ ಒಳಗಿನ ಬಲಮೂಲೆಯಲ್ಲಿ ಕಪ್ಪು ಗೆರೆಯೊಂದು ಮೂಡಿ ಕೆಳಕ್ಕೆ ಇಳಿಯತೊಡಗಿತು. ನೀರು ನುಗ್ಗಿದ್ದು ಎಡಗಡೆ, ಬೀಮಿನ ಅಡಿಯಲ್ಲೇ ಹರಿದು ಹೊರಬಿದ್ದದ್ದು ಬಲಗಡೆ! ಕಾಂಕ್ರೀಟ್ ಒಂದು ರೀತಿ ಹಿಗ್ಗಿ ಕುಗ್ಗುತ್ತದೆ, ಇಟ್ಟಿಗೆ ಇನ್ನೊಂದು ರೀತಿ. ಎರಡೂ ಸೇರುವ ಕಡೆ ಗಾರೆ ಹಾಕುವಾಗ ಜಾಲರಿ ಕೊಟ್ಟಿರಬೇಕು. ಕೊಡದಿದ್ದರೆ ಆ ಗೆರೆಯುದ್ದಕ್ಕೂ ಬಿರುಕು ಬಿಡುತ್ತದೆ. ನಮ್ಮಲ್ಲಿ ಆಗಿದ್ದೂ ಅದೇ. ಹಳೇ ಬಣ್ಣ ಆ ಬಿರುಕನ್ನು ಮುಚ್ಚಿಟ್ಟಿತ್ತು.

ಇನ್ನೊಂದು ದೋಷವೂ ಸಿಕ್ಕಿತು. ಕಿಟಕಿಯ ಕೆಳಗಿನ ಕಲ್ಲು ಹೊರಗೆ ಇಳಿಜಾರಾಗಿರುವ ಬದಲು ಒಳಗೆ ವಾಲಿತ್ತು. ಅದರ ಅಡಿಯಲ್ಲಿ ನೀರು ಹನಿಯಾಗಿ ಕಳಚಿ ಬೀಳಲು ಇರಬೇಕಾದ ಗೀರೂ ಇರಲಿಲ್ಲ. ಹಾಗಾಗಿ ನೀರು ಕಲ್ಲಿನ ಅಡಿಗೆ ಅಂಟಿಕೊಂಡೇ ಗೋಡೆಗೆ ವಾಪಸ್ ಬರುತ್ತಿತ್ತು.

ರಿಪೇರಿ ಮಾಡಿದ ರೀತಿಯನ್ನು ನಾನು ಕಿಟಕಿ ಪಕ್ಕದಲ್ಲೇ ನಿಂತು ನೋಡಿದೆ. ಬಿರುಕಿನ ಮೇಲೆ ಸುಮ್ನೆ ಪೇಸ್ಟ್ ಮೆತ್ತಲಿಲ್ಲ. ಚಿಕ್ಕ ಕಟರ್‌ನಿಂದ ಅದನ್ನು ಕಾಲುವೆಯ ಹಾಗೆ ಬಿಡಿಸಿ, ಧೂಳು ಊದಿ, ಪ್ರೈಮರ್ ಹಚ್ಚಿದರು. ಒಳಗೆ ಫೋಮಿನ ಬ್ಯಾಕರ್ ರಾಡ್ ತುರುಕಿ, ಮೇಲೆ ಪಿಯು (ಪಾಲಿಯುರೆಥೇನ್) ಸೀಲಂಟ್, ಅಂದರೆ ಸಂದು ಮುಚ್ಚುವ ರಬ್ಬರಿನಂಥ ಅಂಟು, ತುಂಬಿದರು. ಆ ರಾಡ್ ಯಾಕೆ ಅಂತ ಕೇಳಿದೆ. ಸೀಲಂಟ್ ಎರಡು ಪಕ್ಕಕ್ಕೆ ಮಾತ್ರ ಅಂಟಬೇಕು, ತಳಕ್ಕೆ ಅಂಟಬಾರದಂತೆ. ತಳಕ್ಕೂ ಅಂಟಿದರೆ ಬಿರುಕು ಹಿಗ್ಗಿದಾಗ ಎಳೆದುಕೊಳ್ಳಲು ಜಾಗ ಇರದೆ ಹರಿದುಹೋಗುತ್ತದೆ. ಸೀಲಂಟಿನ ಆಳ ಅದರ ಅಗಲದ ಅರ್ಧ ಇರಬೇಕು ಅಂತ ಕಡ್ಡಿಯಿಂದ ಅಳೆದೂ ನೋಡಿದರು. ಎರಡೂ ಅಂಚಿಗೆ ಟೇಪ್ ಹಾಕಿದ್ದರು. ಸೀಲಂಟನ್ನು ಕರಣೆಯಿಂದ ಒತ್ತಿ ನಯ ಮಾಡಿ, ಮೇಲೆ ಕೆನೆ ಕಟ್ಟುವ ಮೊದಲೇ ಟೇಪ್ ಎಳೆದರು. ಅಂಚು ಗೆರೆ ಎಳೆದಷ್ಟು ನೆಟ್ಟಗಿತ್ತು. ಸಾಮಾನ್ಯ ಸಿಲಿಕೋನ್ ಮೇಲೆ ಬಣ್ಣ ಹಿಡಿಯುವುದಿಲ್ಲ, ಪಿಯು ಮೇಲೆ ಹಿಡಿಯುತ್ತದೆ. ಪೇಂಟ್ ಮಾಡಿದ ಗೋಡೆಗೆ ಅದನ್ನು ಆರಿಸಿದ್ದು ಸರಿಯಾಗಿತ್ತು.

ಗೋಡೆಗೆ ಸಿಲೇನ್-ಸಿಲಾಕ್ಸೇನ್ ಅನ್ನುವ ಪಾರದರ್ಶಕ ದ್ರವ ಹೊಡೆಯಬಹುದಾ ಅಂತಲೂ ಕೇಳಿದೆ. ಬೇಡ ಅಂದರು. ಅದು ಬರಿಯ ಇಟ್ಟಿಗೆ, ಕಲ್ಲು, ಕಾಂಕ್ರೀಟಿನ ರಂಧ್ರಗಳೊಳಗೆ ಇಳಿದು ನೀರು ಹೀರದಂತೆ ಮಾಡುತ್ತದೆ. ಬಣ್ಣ ಬಳಿದ ಗೋಡೆಯಲ್ಲಿ ಇಳಿಯುವುದಿಲ್ಲ, ಬಿರುಕನ್ನೂ ಮುಚ್ಚುವುದಿಲ್ಲ. ಬದಲಿಗೆ ರಬ್ಬರಿನ ಹಾಗೆ ಹಿಗ್ಗುವ ಎಲಾಸ್ಟೊಮೆರಿಕ್ ಕೋಟಿಂಗ್ ಎರಡು ಪದರ ಹಾಕಿದರು. ಅದಕ್ಕೂ ಗೋಡೆ ಒಣಗಲಿ ಅಂತ ಕಾದರು. ಬೇಗ ಮುಗಿಸಿ ಹಣ ತೆಗೆದುಕೊಂಡು ಹೋಗಬಹುದಿತ್ತು. ಹಾಗೆ ಮಾಡಲಿಲ್ಲ ಅನ್ನುವುದು ನನಗೆ ದೊಡ್ಡ ಮಾತು.

ಹಗ್ಗದ ವಿಷಯದಲ್ಲೂ ಅಚ್ಚುಕಟ್ಟು. ಪ್ರತಿಯೊಬ್ಬರಿಗೂ ಎರಡು ಹಗ್ಗ, ಎರಡಕ್ಕೂ ತಾರಸಿಯಲ್ಲಿ ಬೇರೆ ಬೇರೆ ಆಧಾರ. ಕೆಳಗೆ ಯಾರೂ ಓಡಾಡದಂತೆ ಅಡ್ಡ ಕಟ್ಟಿದ್ದರು. ಇಷ್ಟೂ ಇಲ್ಲದೆ ಒಂದೇ ಹಗ್ಗಕ್ಕೆ ಹಲಗೆ ಕಟ್ಟಿ ಜನರನ್ನು ಇಳಿಸುವವರಿಗೆ, ಎಷ್ಟೇ ಕಡಿಮೆ ದರ ಹೇಳಲಿ, ಕೆಲಸ ಕೊಡಬೇಡಿ.

ಈಗ ಕಡಿದ ಅಂಕದ ವಿಷಯ. ಫೋಟೋ ವರದಿ ಕೊಡುತ್ತೇವೆ ಅಂದವರು ಮತ್ತೆ ಮತ್ತೆ ಕೇಳಿದ ಮೇಲೆಯೇ ಕೊಟ್ಟರು. ಕಟರ್‌ನ ಧೂಳು ಎಸಿಯ ಹೊರಗಿನ ಯಂತ್ರಕ್ಕೆಲ್ಲ ತುಂಬಿತು, ಮುಚ್ಚಲು ಒಂದು ಶೀಟ್ ತಂದಿರಲಿಲ್ಲ. ಹೊಸ ಕೋಟಿಂಗ್ ಬಣ್ಣ ಹಳೆಯದಕ್ಕೆ ಹೊಂದುವುದಿಲ್ಲ, ಕೆಳಗಿನಿಂದ ನೋಡಿದರೆ ತೇಪೆ ಹಾಕಿದ್ದು ಕಾಣುತ್ತದೆ. ಎಲ್ಲಕ್ಕಿಂತ ಬೇಸರ ತಂದದ್ದು ಗ್ಯಾರಂಟಿ ಕಾಗದ. ಬಾಯಲ್ಲಿ "ಸೋರಿದರೆ ನಮ್ಮ ಜವಾಬ್ದಾರಿ" ಅಂದಿದ್ದರು. ಕಾಗದದಲ್ಲಿ ನೋಡಿದರೆ ಅವರು ಮುಟ್ಟಿದ ಜಾಗಕ್ಕೆ ಮಾತ್ರ, ಹೊಸ ಬಿರುಕಿಗೆ ಅನ್ವಯಿಸುವುದಿಲ್ಲ ಅಂತ ಇತ್ತು. ಇದನ್ನು ಮುಂಗಡ ಕೊಡುವ ಮೊದಲೇ ಓದಲು ಕೊಡಬೇಕಿತ್ತು.

ಕರೆಸುವವರು ಇನ್ನೊಂದನ್ನು ನೋಡಿಕೊಳ್ಳಿ. ಬಿಲ್ಲಿನಲ್ಲಿ ಸೀಲಂಟಿನ ಪಾಲು ಸಣ್ಣದು, ಹಗ್ಗ ಕಟ್ಟಿ ಜನ ಇಳಿಸುವುದರ ಪಾಲೇ ದೊಡ್ಡದು. ಒಂದೇ ಸಾಲಿನಲ್ಲಿರುವ ಮೇಲಿನ, ಕೆಳಗಿನ ಮನೆಯವರು ಸೇರಿ ಮಾಡಿಸಿದರೆ ತಲಾ ಖರ್ಚು ಇಳಿಯುತ್ತದೆ. ಒಳಗಿನ ಪುಟ್ಟಿಗೆ ಅವಸರ ಮಾಡಬೇಡಿ. ಗೋಡೆಯ ಪ್ರತಿ 25 ಮಿ.ಮೀ. ದಪ್ಪ ಒಣಗಲು ಒಂದು ತಿಂಗಳು ಅನ್ನುವುದು ಈ ಕಸುಬಿನವರ ಅಂದಾಜು. ನಾವು ಬರಿ ಗಾರೆಯನ್ನೇ ಹಾಗೇ ಬಿಟ್ಟು, ಮಂಚ ಸರಿಸಿ, ಫ್ಯಾನ್ ಹಾಕಿ ಒಣಗಿಸಿದೆವು.

ಆಮೇಲೆ ಗಾಳಿಮಳೆ ಚೆನ್ನಾಗಿಯೇ ಹೊಡೆದಿದೆ. ಗೋಡೆ ಒಣಗೇ ಇದೆ, ಬೂಷ್ಟಿನ ವಾಸನೆ ಇಲ್ಲ. ಅಮ್ಮನ ಕೆಮ್ಮು ತುಂಬಾ ಕಡಿಮೆಯಾಗಿದೆ. ವರದಿಯ ಫೋಟೋಗಳಲ್ಲಿ ಮೇಲಿನ ಮನೆಯ ಕಿಟಕಿಯ ಮೇಲೂ ಅದೇ ಬೀಮಿನ ಗೆರೆಯಲ್ಲಿ ಬಿರುಕು ಕಾಣುತ್ತದೆ. ಅದನ್ನು ಸಂಘದವರಿಗೆ ಕೊಟ್ಟು, ಮುಂದಿನ ಮಳೆಗಾಲಕ್ಕೆ ಮುಂಚೆ ಆ ಸಾಲು ಪೂರ್ತಿ ಮಾಡಿಸಿ, ಗ್ಯಾರಂಟಿ ಕಾಗದವನ್ನು ಮೊದಲೇ ತರಿಸಿಕೊಳ್ಳಿ ಅಂತ ಬರೆದುಕೊಟ್ಟಿದ್ದೇನೆ.