ಆರು ವರ್ಷ ದಾಟಿದ ಬಳಕೆ: 4 ಅಡಿ ಅಕ್ವೇರಿಯಂಗೆ ಅಳತೆ ಕೊಟ್ಟು ಮಾಡಿಸಿದ ಕಬ್ಬಿಣದ ಸ್ಟ್ಯಾಂಡ್

ಉಡುಪಿ ಹತ್ತಿರ ಕಿದಿಯೂರಿನ ನಮ್ಮ ಮನೆಯ ಚಾವಡಿಯಲ್ಲಿ 2019ರ ನವೆಂಬರ್‌ನಿಂದ ಒಂದು ಗಾಜಿನ ಟ್ಯಾಂಕ್ ಉಂಟು. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅದು ಕೂತಿರುವ ಸ್ಟ್ಯಾಂಡನ್ನು ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ್ದು: ಒಂದೂವರೆ ಇಂಚಿನ ಚೌಕ ಪೈಪು, ಮೇಲೆ 18 ಮಿ.ಮೀ. ಮರೈನ್ ಪ್ಲೈವುಡ್, ಅದರ ಮೇಲೆ ಅರ್ಧ ಇಂಚಿನ ಥರ್ಮಾಕೋಲ್. ಸ್ಟ್ಯಾಂಡಿಗೆ 5,200 ರೂಪಾಯಿ, ಪ್ಲೈಗೆ 800 ಬಿದ್ದಿತ್ತು. ಈ ಮಾರ್ಚ್‌ನಲ್ಲಿ ಮನೆಗೆ ಪೇಂಟ್ ಹೊಡೆಸುವಾಗ ಮೊದಲ ಸಲ ಟ್ಯಾಂಕನ್ನು ಇಳಿಸಿದೆವು. ಅಡಿ ಹೇಗಾಗಿದೆ ಎಂದು ಕಣ್ಣಾರೆ ನೋಡಿದ ಮೇಲೆ ಬರೆಯೋಣ ಎಂದು ಕಾದಿದ್ದೆ.

ಇದಕ್ಕಿಂತ ಮೊದಲು ಇದ್ದದ್ದು ಇಷ್ಟೇ ದೊಡ್ಡ ಇನ್ನೊಂದು ಟ್ಯಾಂಕ್. ಸ್ಟ್ಯಾಂಡ್ ಸಮೇತ ಒಂದು ಅಂಗಡಿಯಿಂದ ತಂದದ್ದು. ಆ ಸ್ಟ್ಯಾಂಡಿನ ಮೇಲ್ಭಾಗ ಬರೀ ಆಂಗಲ್ ಪಟ್ಟಿಯ ಚೌಕಟ್ಟು, ನಡುವೆ ಖಾಲಿ. ಗಾಜಿನ ಅಂಚು ಮಾತ್ರ ಕಬ್ಬಿಣದ ಮೇಲೆ, ಅದೂ ನೇರ ಕಬ್ಬಿಣದ ಮೇಲೆ. ಆರನೇ ತಿಂಗಳಿಗೆ, ಜೋರು ಮಳೆಯ ಒಂದು ರಾತ್ರಿ ಅಮ್ಮ ಎಬ್ಬಿಸಿದರು: "ಮಗಾ, ಚಾವಡಿಯಲ್ಲಿ ನೀರು ಉಂಟು, ಮಾಡು ಸೋರ್ತಾ ಉಂಟಾ ನೋಡು." ಹಂಚಿನ ಮನೆ, ಹಾಗಾಗಿ ನನಗೂ ಅದೇ ಅನುಮಾನ. ದೀಪ ಹಾಕಿದಾಗ ಟ್ಯಾಂಕಿನಲ್ಲಿ ನಾಲ್ಕು ಬೆರಳು ನೀರು. 11 ಮೀನುಗಳಲ್ಲಿ 8 ಉಳಿದವು, ಬಕೆಟಿನಲ್ಲಿ. ಅಂಗಡಿಯವರು "ನೀವು ಭಾರ ಜಾಸ್ತಿ ಹಾಕಿದ್ದೀರಿ" ಎಂದರು. ಆ ಮಾತು ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ.

ಒಡೆದ ಗಾಜನ್ನು ಎತ್ತಿ ನೋಡಿದಾಗ ಬಿರುಕು ಹಿಂದಿನ ಎಡ ಮೂಲೆಯಿಂದ ಹೊರಟಿತ್ತು. ಸರಿಯಾಗಿ ಅದೇ ಜಾಗದಲ್ಲಿ ಚೌಕಟ್ಟಿನ ಮೇಲೆ ವೆಲ್ಡಿಂಗಿನ ಒಂದು ಗುಬುಟು, ಬೆರಳಲ್ಲಿ ಸವರಿದರೆ ತಾಗುವಷ್ಟು. ಗ್ರೈಂಡ್ ಮಾಡದೆ ಪೇಂಟ್ ಬಳಿದಿದ್ದರು.

ಗಾಜು ಎಲ್ಲ ಕಡೆಯಿಂದ ಸಮನಾಗಿ ಬೀಳುವ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಬಗ್ಗಿಸಿದರೆ ತಡೆಯುವುದಿಲ್ಲ. ಭಾರ ಎಷ್ಟು ಎಂದು ಲೆಕ್ಕ ಹಾಕಿಯೇ ನೋಡಿ. ಮೇಲೆ ಎರಡು ಇಂಚು ಬಿಟ್ಟು ತುಂಬಿದರೆ ಈ ಅಳತೆಯ ಟ್ಯಾಂಕಿನಲ್ಲಿ ಸುಮಾರು 225 ಲೀಟರ್ ನೀರು, ಅಂದರೆ 225 ಕೆಜಿ. 10 ಮಿ.ಮೀ. ಗಾಜು ಚದರ ಅಡಿಗೆ 2.3 ಕೆಜಿ ತೂಗುತ್ತದೆ, ಇಡೀ ಟ್ಯಾಂಕಿಗೆ 50 ದಾಟುತ್ತದೆ. ಮರಳು, ಕಲ್ಲು ಸೇರಿ 300 ಕೆಜಿ ಹತ್ತಿರ. ಆರು ಚದರ ಅಡಿ ತಳದ ಮೇಲೆ ಹರಡಿದರೆ ಇದು ದೊಡ್ಡ ಭಾರವೇ ಅಲ್ಲ. ಅದರಲ್ಲಿ ಒಂದು ಪಾಲು ಒಂದು ಗುಬುಟಿನ ಮೇಲೆ ಕೂತರೆ ಗಾಜು ಅಲ್ಲಿಂದಲೇ ಬಿಡುತ್ತದೆ.

ಹಾಗಾಗಿ ಹೊಸದು ಮಾಡಿಸುವಾಗ ವೆಲ್ಡರ್ ಪಕ್ಕದಲ್ಲೇ ನಿಂತಿದ್ದೆ. "ಎಂತ ಮಾರಾಯ್ರೆ, ಮೀನಿಗೆ ಇಷ್ಟೆಲ್ಲ ಬೇಕಾ?" ಎಂದರೂ ಆ ಮನುಷ್ಯ ಕೆಲಸ ಅಚ್ಚುಕಟ್ಟಾಗಿ ಮಾಡಿದರು. ಮೇಲಿನ ಚೌಕಟ್ಟಿನ ಪ್ರತಿ ಜೋಡಣೆಯನ್ನೂ ಗ್ರೈಂಡ್ ಮಾಡಿ, ಅಲ್ಯುಮಿನಿಯಂ ಪಟ್ಟಿ ಅಡ್ಡ ಇಟ್ಟು, ಆಚೆಯಿಂದ ಬೆಳಕು ತೂರುತ್ತದಾ ಎಂದು ನೋಡಿದೆವು. ನಡುವೆ ಎರಡು ಅಡ್ಡಪೈಪು ಕೊಡಿಸಿದೆ. ಕಾಲುಗಳ ಅಡಿಗೆ ಮೂರಿಂಚು ಚೌಕದ ತಗಡು, ಅದಕ್ಕೆ ಏರಿಸಿ ಇಳಿಸುವ ಬೋಲ್ಟು. ನಮ್ಮದು ಹಳೆಯ ಕಾವಿ ನೆಲ, ನೀರು ಹರಿದು ಹೋಗಲಿ ಎಂದು ಜಗಲಿಯ ಕಡೆಗೆ ಇಳಿಜಾರು ಉಂಟು. ಬೋಲ್ಟು ಇಲ್ಲದೆ ಇದ್ದಿದ್ದರೆ ಒಂದು ಕಾಲು ಗಾಳಿಯಲ್ಲೇ ಇರುತ್ತಿತ್ತು.

ರಸಮಟ್ಟ ಇಡುವಾಗ ಒಂದು ಸಂಗತಿ ಗಮನಿಸಿ. ಉದ್ದಕ್ಕೆ ಸರಿ ಇದ್ದರೆ ಸಾಲದು. ಎಡಬದಿಯ ಅಡ್ಡಕ್ಕೆ ಬೇರೆ, ಬಲಬದಿಯ ಅಡ್ಡಕ್ಕೆ ಬೇರೆ ಇಟ್ಟು ನೋಡಬೇಕು, ಎರಡರಲ್ಲೂ ಗುಳ್ಳೆ ಒಂದೇ ಕಡೆ ನಿಲ್ಲಬೇಕು. ಇಡೀ ಸ್ಟ್ಯಾಂಡ್ ಸ್ವಲ್ಪ ವಾಲಿದ್ದಕ್ಕಿಂತ, ಒಂದು ಮೂಲೆ ತಿರುಚಿಕೊಂಡದ್ದು ಗಾಜಿಗೆ ಹೆಚ್ಚು ಅಪಾಯ. ವ್ಯತ್ಯಾಸ ಇದ್ದರೆ ಸ್ಟ್ಯಾಂಡಿನ ಕಾಲಿನಲ್ಲೇ ಸರಿಪಡಿಸಿ. ಟ್ಯಾಂಕಿನ ಮೂಲೆಯ ಅಡಿಗೆ ರಟ್ಟು ತುರುಕುವುದನ್ನು ಕೆಲವು ಮನೆಗಳಲ್ಲಿ ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಆ ರಟ್ಟೇ ಇನ್ನೊಂದು ಗುಬುಟು ಆಗುತ್ತದೆ.

ಕೊನೆಯ ಪರೀಕ್ಷೆ ನೀರಿನದ್ದೇ. ಕಾಲು ಭಾಗ ತುಂಬಿಸಿ ಒಂದು ರಾತ್ರಿ ಬಿಟ್ಟೆ, ಬೆಳಿಗ್ಗೆ ನಾಲ್ಕೂ ಮೂಲೆಯಲ್ಲಿ ಮೇಲಂಚಿನಿಂದ ನೀರಿಗೆ ಸ್ಕೇಲ್ ಹಿಡಿದೆ. ಒಂದು ಕಡೆ 3 ಮಿ.ಮೀ. ಇಳಿದಿತ್ತು. ನೀರು ಖಾಲಿ ಮಾಡಿ ಬೋಲ್ಟು ತಿರುಗಿಸಿ ಮತ್ತೆ ತುಂಬಿಸಿದೆ.

ಈಗ ಮಾರ್ಚ್‌ನಲ್ಲಿ ಕಂಡದ್ದು. ಟ್ಯಾಂಕ್ ಎತ್ತಿದಾಗ ಥರ್ಮಾಕೋಲ್ ಮೇಲೆ ಗಾಜಿನ ಅಚ್ಚು ಸಮನಾಗಿ ಮೂಡಿತ್ತು. ಬಲಗಡೆ, ಅಂಚಿನಿಂದ ಒಂದು ಗೇಣು ಒಳಗೆ, ಒಂದು ಸಣ್ಣ ಕುಳಿ. ಅದರೊಳಗೆ ಮುರಕಲ್ಲಿನ ಒಂದು ಚೂರು, ತೊಗರಿಬೇಳೆಯಷ್ಟು. ಟ್ಯಾಂಕ್ ಇಟ್ಟ ದಿನ ಯಾರ ಕೈಯಿಂದಲೋ ಬಿದ್ದಿರಬೇಕು. ಆರು ವರ್ಷ ಅದು ಅಲ್ಲೇ ಇತ್ತು. ಥರ್ಮಾಕೋಲ್ ಅದನ್ನು ತನ್ನೊಳಗೆ ನುಂಗಿಕೊಂಡಿತ್ತು, ಗಾಜಿನಲ್ಲಿ ಒಂದು ಗೀರೂ ಇರಲಿಲ್ಲ. ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದೆ. ನೂರು ರೂಪಾಯಿಯೂ ಆಗದ ಹಾಳೆ ಅದು.

ಆದರೆ ಎಲ್ಲ ಟ್ಯಾಂಕಿಗೂ ಥರ್ಮಾಕೋಲ್ ಹಾಕಬಾರದು. ಅಡಿಯಲ್ಲಿ ಸುತ್ತ ಪ್ಲಾಸ್ಟಿಕ್ ಚೌಕಟ್ಟು ಇರುವ ರೆಡಿಮೇಡ್ ಟ್ಯಾಂಕ್ ಬರುತ್ತದಲ್ಲ, ಅದರಲ್ಲಿ ತಳದ ಗಾಜು ನೆಲಕ್ಕೆ ತಾಗದೆ ಮೇಲೆ ನಿಂತಿರುತ್ತದೆ, ಭಾರವೆಲ್ಲ ಚೌಕಟ್ಟಿನ ಮೇಲೆ. ಅಡಿಗೆ ಮೆತ್ತಗಿನದ್ದು ಹಾಕಿದರೆ ಚೌಕಟ್ಟು ಅದರೊಳಗೆ ಇಳಿದು, ನಡುವಿನದ್ದು ಉಬ್ಬಿ ಗಾಜನ್ನು ಕೆಳಗಿನಿಂದ ಒತ್ತುತ್ತದೆ. ಸುರತ್ಕಲ್‌ನಲ್ಲಿ ಅಕ್ಕನ ಮನೆಯಲ್ಲಿ ಅಂಥ ಟ್ಯಾಂಕಿಗೆ ಭಾವ ಪ್ರೀತಿಯಿಂದ ದಪ್ಪ ಥರ್ಮಾಕೋಲ್ ಹಾಕಿದ್ದರು. ನೀರು ಖಾಲಿ ಮಾಡಿಸಿ ನಾನೇ ತೆಗೆಸಿದೆ. ಅದಕ್ಕೆ ಬೇಕಾದದ್ದು ಸಪಾಟಾದ ಗಟ್ಟಿ ಹಲಗೆ ಮಾತ್ರ. ಕೊಳ್ಳುವ ಮೊದಲು ಟ್ಯಾಂಕನ್ನು ಮಗುಚಿ ತಳ ನೋಡಿ.

ಸ್ಟ್ಯಾಂಡಿನ ಕುಂದುಗಳೂ ಉಂಟು. ಕಡಲಿನ ಉಪ್ಪುಗಾಳಿ ಕಬ್ಬಿಣವನ್ನು ಬಿಡುವುದಿಲ್ಲ. ರೆಡ್ ಆಕ್ಸೈಡ್ ಮೇಲೆ ಎರಡು ಕೋಟ್ ಎನಾಮೆಲ್ ಇದ್ದರೂ ಮೂರನೇ ಮಳೆಗಾಲಕ್ಕೆ ಕಾಲುಗಳ ಬುಡದಲ್ಲಿ ತುಕ್ಕು ಬಂತು, ಕೆರೆದು ಮತ್ತೆ ಬಳಿದೆ. ಲೆವೆಲ್ ಬೋಲ್ಟುಗಳು ಕಚ್ಚಿಕೊಂಡು ಬಿಟ್ಟಿದ್ದವು, ಈಗ ಸ್ಟೀಲಿನವು ಹಾಕಿಸಿದ್ದೇನೆ. ಪ್ಲೈವುಡ್ಡಿನ ಕೊಯ್ದ ಅಂಚಿಗೆ ಪೇಂಟ್ ಬಳಿದಿರಲಿಲ್ಲ, ನನ್ನದೇ ತಪ್ಪು. ಫಿಲ್ಟರ್ ಪೈಪಿನ ನೀರು ತೊಟ್ಟಿಕ್ಕುವ ಹಿಂದಿನ ಬದಿ ಒಂದಿಷ್ಟು ಉಬ್ಬಿದೆ. ಹಾಗಾಗಿ ಹೊಸ ಹಲಗೆ ತಂದು, ನಾಲ್ಕೂ ಅಂಚಿಗೆ ಪ್ರೈಮರ್ ಕುಡಿಸಿ, ಹೊಸ ಥರ್ಮಾಕೋಲ್ ಹಾಸುವ ಮೊದಲು ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿದೆ. ಮೊನ್ನೆ ತುಂಬಿಸಿದ ಮೇಲೆ ಸ್ಕೇಲ್ ಹಿಡಿದರೆ ನಾಲ್ಕೂ ಮೂಲೆಯಲ್ಲಿ 52 ಮಿ.ಮೀ.