ಫಿಲೋಮಿನಾ ಚರ್ಚಿಗೆ ಹೋದ್ರೆ ನೆಲಮಾಳಿಗೆಗೂ ಇಳಿಯಿರಿ

ಮೈಸೂರಿಗೆ ಬರುವ ನೆಂಟರನ್ನೆಲ್ಲ ಅರಮನೆ ತೋರಿಸಿದ ಮೇಲೆ ನಾನು ಕರೆದುಕೊಂಡು ಹೋಗುವುದು ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿಗೆ. ಹೊರಗೆ ನಿಂತು ಒಂದು ಫೋಟೋ ತೆಗೆಸಿಕೊಂಡು ಹೊರಡೋಣ ಅನ್ನುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಕಡಿಮೆ ಅಂದ್ರೂ ಒಂದು ಗಂಟೆ ಇಟ್ಟುಕೊಳ್ಳಿ. ಟಿಕೆಟ್ ಇಲ್ಲ, ಕ್ಯೂ ಇಲ್ಲ. ನನ್ನ ಕೇಳಿದ್ರೆ ಐದಕ್ಕೆ ಐದು.

ಮೊದಲು ಕಣ್ಣಿಗೆ ಬೀಳುವುದು ಆ ಜೋಡಿ ಗೋಪುರ. ಎತ್ತರ 175 ಅಡಿ, ಅಂದ್ರೆ ಸುಮಾರು 53 ಮೀಟರ್. ಚಾಮುಂಡಿ ಬೆಟ್ಟದ ಮೇಲಿಂದ ಊರು ನೋಡುವಾಗಲೂ ಇವನ್ನು ಹುಡುಕಿ ಗುರುತು ಹಿಡಿಯಬಹುದು. ಜರ್ಮನಿಯ ಕೊಲೋನ್ ಊರಿನ ದೊಡ್ಡ ಚರ್ಚನ್ನು ಮಾದರಿಯಾಗಿ ಇಟ್ಟುಕೊಂಡು ಕಟ್ಟಿದ್ದು ಅಂತ ಎಲ್ಲ ಕಡೆ ಬರೆದಿರುತ್ತೆ, ಅದು ಸರಿಯೇ. ಆದ್ರೆ ಕೊಲೋನಿನ ಗೋಪುರಗಳು 157 ಮೀಟರ್, ನಮ್ಮದಕ್ಕಿಂತ ಹತ್ತಿರ ಹತ್ತಿರ ಮೂರು ಪಟ್ಟು. ಅಲ್ಲಿ 1248ರಲ್ಲಿ ಶುರು ಮಾಡಿದ ಕೆಲಸ ಮುಗಿದದ್ದು 1880ರಲ್ಲಿ. ಆ ಶೈಲಿಯನ್ನು ನಮ್ಮ ಊರಿನ ಅಳತೆಗೆ ಇಳಿಸಿ, ಒಂದು ತಲೆಮಾರಿನವರೇ ಶುರುವಿನಿಂದ ಕೊನೆವರೆಗೂ ನೋಡುವ ಹಾಗೆ ಕಟ್ಟಿದ್ದಾರಲ್ಲ, ನನಗೆ ಅದೇ ದೊಡ್ಡದು ಅನ್ನಿಸುತ್ತೆ. ಸುಮ್ನೆ ನಕಲು ಅಂತ ಕರೆದರೆ ಬೇಜಾರಾಗುತ್ತೆ.

ಕೆಲವರು ಇದನ್ನು ಬ್ರಿಟಿಷರು ಕಟ್ಟಿಸಿದ್ದು ಅಂದುಕೊಂಡಿದ್ದಾರೆ. ಮೊನ್ನೆ ಒಬ್ಬ ಗೈಡ್ ಬಸ್ಸಿನ ತುಂಬಾ ಜನರನ್ನು ಕರೆದುಕೊಂಡು ಬಂದು, ಇದು ಇನ್ನೂರು ವರ್ಷ ಹಳೇ ಬ್ರಿಟಿಷ್ ಚರ್ಚು ಅಂತ ಜೋರಾಗಿ ಹೇಳಿ, ಹದಿನೈದು ನಿಮಿಷದಲ್ಲಿ ಬಸ್ ಹತ್ತಿ ಅಂದ. ಪಾಪ, ದೂರದಿಂದ ಬಂದವರು ಅವರು. ದುಡ್ಡು ಕೊಟ್ಟು ತಪ್ಪು ಮಾಹಿತಿ ತೆಗೆದುಕೊಂಡು ಹೋದರು. ನೋಡಿ ನನಗೆ ನಿಜವಾಗಲೂ ಸಿಟ್ಟು ಬಂತು.

ವಿಷಯ ಹೀಗಿದೆ. ಇದೇ ಜಾಗದಲ್ಲಿ 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದು ಚರ್ಚು ಕಟ್ಟಿಸಿದ್ದರು. ಆ ಕಾಲದ ಶಾಸನ ಈಗಿನ ಚರ್ಚಿನಲ್ಲೂ ಉಳಿದಿದೆ. ಎಲ್ಲ ಲೋಕವನ್ನೂ ಸೃಷ್ಟಿಸಿ ಕಾಪಾಡುವ ಒಬ್ಬನೇ ದೇವರ ಹೆಸರಿನಲ್ಲಿ, ಏಸು ಹುಟ್ಟಿ 1843 ವರ್ಷ ಆದ ಮೇಲೆ ಈ ಚರ್ಚು ಕಟ್ಟಲಾಯಿತು ಅನ್ನುವ ಅರ್ಥದ ಮಾತು ಅದರಲ್ಲಿದೆ. ಚಾಮುಂಡೇಶ್ವರಿಯನ್ನು ಮನೆದೇವರು ಅಂತ ಪೂಜಿಸುವ ಅರಸರು ಕಟ್ಟಿಸಿದ ಚರ್ಚಿನ ಶಾಸನ ಇದು. ಒಂದು ನಿಮಿಷ ನಿಂತು ಯೋಚನೆ ಮಾಡಬೇಕಾದ ವಿಷಯ ಅಲ್ವಾ?

ಈಗ ನಾವು ನೋಡುವ ಕಟ್ಟಡಕ್ಕೆ ಅಡಿಗಲ್ಲು ಹಾಕಿದ್ದು ನಾಲ್ವಡಿ ಕೃಷ್ಣರಾಜ ಒಡೆಯರು, 1933ರ ಅಕ್ಟೋಬರ್ 28ರಂದು. ಅದಕ್ಕೂ ಮುಂಚೆ, 1926ರಲ್ಲಿ, ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟಿ ಅವರು ಪೋಪರ ಪ್ರತಿನಿಧಿ ಪೀಟರ್ ಪಿಸಾನಿ ಅವರಿಂದ ಸಂತ ಫಿಲೋಮಿನಾಳ ಪವಿತ್ರ ಅವಶೇಷವನ್ನು, ಅಂದ್ರೆ ಭಕ್ತರು ಪೂಜ್ಯ ಅಂತ ಕಾಪಾಡುವ ಸಂತರ ಉಳಿಕೆಯನ್ನು, ತರಿಸಿಕೊಂಡಿದ್ದರು. ಅದನ್ನು ಫಾದರ್ ಕೋಶೆ ಅವರ ಕೈಗೆ ಕೊಟ್ಟರು. ಅವಳ ಹೆಸರಿನಲ್ಲಿ ಒಂದು ದೊಡ್ಡ ಚರ್ಚು ಬೇಕು ಅಂತ ಫಾದರ್ ಮಹಾರಾಜರನ್ನು ಕೇಳಿದರು, ಮಹಾರಾಜರು ಒಪ್ಪಿದರು. ನಕ್ಷೆ ಮಾಡಿದವರು ಡಾಲಿ ಅನ್ನುವ ಫ್ರೆಂಚ್ ವಾಸ್ತುಶಿಲ್ಪಿ. ಕೆಆರ್‌ಎಸ್ ಅಣೆಕಟ್ಟು ಆಗ ತಾನೇ ಎದ್ದು ನಿಂತಿತ್ತು, ಲಲಿತ ಮಹಲ್ ಕೂಡ ನಾಲ್ವಡಿಯವರ ಕಾಲದ್ದೇ. ಈ ಚರ್ಚನ್ನೂ ಅದೇ ಸಾಲಿಗೆ ಸೇರಿಸಿ ನೋಡಬೇಕು ಅನ್ನೋದು ನನ್ನ ಅಭಿಪ್ರಾಯ.

ಒಳಗೆ ಹೋಗಿ. ಕಟ್ಟಡ ಶಿಲುಬೆಯ ಆಕಾರದಲ್ಲಿದೆ. ಉದ್ದನೆಯ ಭಾಗದಲ್ಲಿ ಜನ ಕೂರುವ ಬೆಂಚು, ಎರಡು ಪಕ್ಕಕ್ಕೆ ಚಾಚಿದ ತೋಳು, ತಲೆಯ ಕಡೆ ಬಲಿಪೀಠ. ಒಟ್ಟಿಗೆ 800 ಜನ ಕೂರಬಹುದು. ಬಾಗಿಲು ದಾಟಿದ ತಕ್ಷಣ ಮುಂದಕ್ಕೆ ನುಗ್ಗಬೇಡಿ, ಕೊನೆಯ ಬೆಂಚಿನಲ್ಲಿ ಕೂತು ತಲೆ ಎತ್ತಿ. ಕಮಾನುಗಳೆಲ್ಲ ಮೇಲೆ ಹೋಗಿ ಚೂಪಾಗುತ್ತವೆ. ಇದು ಬರೀ ಅಂದಕ್ಕೆ ಮಾಡಿದ್ದಲ್ಲ. ಅರ್ಧ ವೃತ್ತದ ಕಮಾನು ಗೋಡೆಯನ್ನು ಪಕ್ಕಕ್ಕೆ ಜಾಸ್ತಿ ತಳ್ಳುತ್ತೆ, ಚೂಪು ಕಮಾನು ಹೆಚ್ಚು ಭಾರವನ್ನು ನೇರ ಕೆಳಕ್ಕೆ, ಕಂಬಕ್ಕೆ ಇಳಿಸುತ್ತೆ. ಹಾಗಾಗಿ ಎತ್ತರಕ್ಕೆ ಕಟ್ಟಬಹುದು, ಗೋಡೆಯಲ್ಲಿ ದೊಡ್ಡ ದೊಡ್ಡ ಕಿಟಕಿ ಬಿಡಬಹುದು.

ಆ ಕಿಟಕಿಗಳೇ ಇಲ್ಲಿನ ಜೀವ. ಬಣ್ಣದ ಗಾಜು ಫ್ರಾನ್ಸಿನಿಂದ ಬಂದದ್ದು. ಏಸುವಿನ ಜನನ, ಕೊನೆಯ ಭೋಜನ, ಶಿಲುಬೆಗೇರಿಸಿದ್ದು, ಪುನರುತ್ಥಾನ, ಸ್ವರ್ಗಾರೋಹಣ, ಎಲ್ಲ ಇವೆ. ಹೊರಗಿನಿಂದ ಹಗಲಲ್ಲಿ ನೋಡಿದರೆ ಕಪ್ಪಗೆ, ಏನೂ ಗೊತ್ತಾಗಲ್ಲ. ಒಳಗೆ ನಿಂತು, ಬಿಸಿಲು ಆ ಪಕ್ಕದಲ್ಲಿರುವಾಗ ನೋಡಬೇಕು. ಆಗ ನೀಲಿ, ಕೆಂಪು ಎರಡೂ ಬೆಂಚಿನ ಮೇಲೆ, ಕೂತವರ ತೋಳಿನ ಮೇಲೆ ಬಂದು ಬೀಳುತ್ತೆ. ಬೆಳಿಗ್ಗೆ ಒಂದು ಪಕ್ಕದ ಕಿಟಕಿ ಚೆನ್ನಾಗಿ ಕಂಡರೆ ಸಂಜೆ ಇನ್ನೊಂದು ಪಕ್ಕದ್ದು. ಮೈಸೂರಿನವರೇ ಆದ್ರೆ ಎರಡು ಹೊತ್ತಿನಲ್ಲೂ ಒಂದೊಂದು ಸಲ ಹೋಗಿ ಬನ್ನಿ.

ಇನ್ನು ನೆಲಮಾಳಿಗೆ. ಅರ್ಧ ಜನಕ್ಕೆ ಇದು ಇರೋದೇ ಗೊತ್ತಿಲ್ಲ. ಬಲಿಪೀಠದ ಕೆಳಗೆ ಇದೆ, ಮೆಟ್ಟಿಲು ಇಳಿದು ಹೋಗಬೇಕು. ಅಲ್ಲಿ ಫಿಲೋಮಿನಾಳ ಮಲಗಿದ ಭಂಗಿಯ ಮೂರ್ತಿ ಇದೆ. ಮೇಲಿನ ಎತ್ತರ, ಬೆಳಕು ಎಲ್ಲ ನೋಡಿ ಇಲ್ಲಿಗೆ ಇಳಿದರೆ ಮಾತು ತಾನಾಗೇ ನಿಲ್ಲುತ್ತೆ. ಕಳೆದ ಸಲ ನಮ್ಮ ಮುಂದೆ ಒಬ್ಬ ಅಜ್ಜಿ, ಹಣೆಗೆ ಅಗಲ ಕುಂಕುಮ, ಮೊಮ್ಮಗಳ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಸೆರಗಿನ ಗಂಟು ಬಿಚ್ಚಿ ಒಂದು ಮೊಳ ಮಲ್ಲಿಗೆ ತೆಗೆದು ಇಟ್ಟು, ದೇವಸ್ಥಾನದಲ್ಲಿ ಮಾಡುವ ಹಾಗೇ ಎರಡೂ ಕೆನ್ನೆ ಮುಟ್ಟಿಕೊಂಡರು. ಯಾರೂ ಅವರನ್ನು ವಿಚಿತ್ರವಾಗಿ ನೋಡಲಿಲ್ಲ. ಇಲ್ಲಿ ಇದು ಮಾಮೂಲು.

ಫಿಲೋಮಿನಾ ಯಾರು ಅಂತ ಕೇಳುತ್ತಾರೆ. 1802ರಲ್ಲಿ ರೋಮಿನ ಪ್ರಿಸಿಲ್ಲಾ ನೆಲಗೋರಿಗಳಲ್ಲಿ ಒಂದು ಸಮಾಧಿ ಸಿಕ್ಕಿತು. ಮುಚ್ಚಿದ್ದ ಹೆಂಚುಗಳ ಮೇಲೆ ಅವಳ ಹೆಸರು, ಲಂಗರು, ಬಾಣಗಳ ಚಿತ್ರ. ಒಳಗೆ ಎಳೆಯ ಹುಡುಗಿಯೊಬ್ಬಳ ಮೂಳೆ. ನಂಬಿಕೆಗಾಗಿ ಪ್ರಾಣ ಕೊಟ್ಟ ಗ್ರೀಕ್ ರಾಜಕುಮಾರಿ ಅಂತ ಭಕ್ತರ ಕಥೆ. 1961ರಲ್ಲಿ ವ್ಯಾಟಿಕನ್ ಅವಳ ಹಬ್ಬವನ್ನು ಚರ್ಚಿನ ಪಂಚಾಂಗದಿಂದ ತೆಗೆಯಿತು. ಹಾಗಂತ ಜನ ಬಿಟ್ಟರಾ? ಆಗಸ್ಟ್ 11 ಅಂದ್ರೆ ಭಕ್ತರಿಗೆ ಇವತ್ತಿಗೂ ಅವಳ ದಿನವೇ. ಅಂದ ಹಾಗೆ ಚರ್ಚಿನ ಪೂರ್ತಿ ಹೆಸರಿನಲ್ಲಿ ಸಂತ ಜೋಸೆಫರೂ ಇದ್ದಾರೆ. ಮೈಸೂರು ಧರ್ಮಪ್ರಾಂತ್ಯದ ಬಿಷಪ್ ಅವರ ಮುಖ್ಯ ಚರ್ಚು ಇದು.

ಹೋಗುವವರಿಗೆ ಒಂದೆರಡು ಮಾತು. ಒಳಗೆ ಫೋಟೋ ತೆಗೆಯೋ ಹಾಗಿಲ್ಲ, ಮೊಬೈಲ್ ಜೇಬಿನಲ್ಲೇ ಇರಲಿ. ಪೂಜೆ ನಡೆಯುವಾಗ ಓಡಾಡಬೇಡಿ, ಹಿಂದೆ ಕೂತುಕೊಳ್ಳಿ ಅಥವಾ ಮುಗಿಯೋ ತನಕ ಆವರಣದಲ್ಲಿ ಕಾಯಿರಿ. ಭಾನುವಾರ ಬೆಳಿಗ್ಗೆ ನೋಡೋಕೆ ಅಂತ ಹೋಗೋದು ಬೇಡ, ಅದು ಪ್ರಾರ್ಥನೆಗೆ ಬರುವವರ ಸಮಯ. ವಾರದ ದಿನ ಒಳ್ಳೇದು. ಅಶೋಕ ರಸ್ತೆಯಲ್ಲಿ ಗಾಡಿ ನಿಲ್ಲಿಸೋದು ಕಷ್ಟ, ಆಟೋ ಹಿಡಿದು ಬನ್ನಿ. ಮಂಡಿ ನೋವಿರುವ ಹಿರಿಯರಿದ್ದರೆ ನೆಲಮಾಳಿಗೆ ಮೆಟ್ಟಿಲಲ್ಲಿ ಕೈ ಹಿಡಿಯೋಕೆ ಒಬ್ಬರು ಜೊತೆಗಿರಲಿ.